ಎತ್ಕೋ

ಎರಡೇ ಅಕ್ಷರ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಯ ಮುಂದೆ ಕೂತಾಗ "ನಾನೇ ಹತ್ತೀನಿ, ಯಾರೂ ನನ್ ಕೈ ಹಿಡೀಬಾರ್ದು" ಎಂದು ಕರಾರು ಹಾಕಿದ ಬಾಯಿಂದಲೇ, ದೇವರಾಯನದುರ್ಗದ ನಲವತ್ತನೆಯ ಮೆಟ್ಟಿಲಿನಲ್ಲಿ ಅದು ಹೊರಡುತ್ತದೆ: "ಅಪ್ಪಾ, ಎತ್ಕೋ." ನಾಲ್ಕು ವರ್ಷದ ಮಗುವಿನ ತೂಕ ಹೆಚ್ಚುಕಡಿಮೆ 16 ಕೆ.ಜಿ. ಅಷ್ಟೇ ತೂಕದ ಅಕ್ಕಿ ಮೂಟೆ ಹೊರುವುದು ಇದಕ್ಕಿಂತ ಸಲೀಸು. ಅಕ್ಕಿ ಕೂದಲು ಹಿಡಿದು ಎಳೆಯುವುದಿಲ್ಲ. "ಅಲ್ಲಿ ನೋಡು ಕೋತಿ" ಎಂದು ಏಕಾಏಕಿ ಹಿಂದಕ್ಕೆ ವಾಲುವುದೂ ಇಲ್ಲ.

ಮಗುವನ್ನು ಸೋಮಾರಿ ಎನ್ನುವ ಮೊದಲು ಅದು ನಿಂತ ಮೆಟ್ಟಿಲನ್ನು ನೋಡಬೇಕು. ನಮ್ಮ ಕಡೆಯ ಬೆಟ್ಟಗಳ ಕಲ್ಲು ಮೆಟ್ಟಿಲು ಒಂದರಂತೆ ಇನ್ನೊಂದಿಲ್ಲ. ಒಂದು ಆರು ಇಂಚು, ಮುಂದಿನದು ಒಂಬತ್ತು, ಅದರಾಚೆಗೆ ಬಂಡೆಯನ್ನೇ ಚಚ್ಚಿ ಮಾಡಿದ ಇನ್ನೂ ಎತ್ತರದ್ದೊಂದು. ಒಂಬತ್ತು ಇಂಚು ನಮಗೆ ಮೀನಖಂಡದ ಅರ್ಧ; ಮೂರೂ ಕಾಲಡಿ ಎತ್ತರದ ಮಗುವಿಗೆ ಹತ್ತಿರ ಹತ್ತಿರ ಮಂಡಿ. ನಮ್ಮ ಎತ್ತರಕ್ಕೆ ಗುಣಿಸಿದರೆ ಹದಿನಾಲ್ಕು ಇಂಚು ದಾಟುತ್ತದೆ, ಅಂದರೆ ಅಡುಗೆಮನೆಯ ಸ್ಟೂಲು. ನಾನೂರು ಮೆಟ್ಟಿಲೆಂದರೆ ನಾನೂರು ಸಲ ಸ್ಟೂಲು ಹತ್ತಿದಂತೆ. ಯಾವ ಅಪ್ಪನೂ ಅದನ್ನು ಮಾಡುವುದಿಲ್ಲ, ಮಾಡಿದರೂ ನಗುನಗುತ್ತಾ ಮಾಡುವುದಿಲ್ಲ.

ಹಾಗಾಗಿ ಮಕ್ಕಳಿಗೆ ಬೆಟ್ಟ ಆರಿಸುವಾಗ ಅದು ಸಮುದ್ರಮಟ್ಟದಿಂದ ಎಷ್ಟು ಎತ್ತರ ಎನ್ನುವುದು ಕೆಲಸಕ್ಕೆ ಬಾರದ ಅಂಕಿ. ನಂದಿ 1,478 ಮೀಟರ್, ಆದರೂ ಕಾರು ನೆತ್ತಿಯ ಹತ್ತಿರದವರೆಗೆ ಹೋಗುತ್ತದೆ. ಅಮೃತ ಸರೋವರ, ಯೋಗನಂದೀಶ್ವರ ಎಂದು ಅಡ್ಡಾಡಿಕೊಂಡು ಬರಬಹುದು. ಅದೇ ನಂದಿಯನ್ನು ಸುಲ್ತಾನ್‌ಪೇಟೆಯ ಕಡೆಯಿಂದ ಹತ್ತಲು ಹೋದರೆ ಸಾವಿರಕ್ಕೂ ಮೇಲೆ ಮೆಟ್ಟಿಲು, ಎಂಟು ಹತ್ತು ವರ್ಷದವರ ಕೆಲಸ. ನಂದಿಗಿಂತ ಕುಳ್ಳಾದ ಮಧುಗಿರಿಯಲ್ಲಿ ಕೆಳಗಿನ ಕೋಟೆ ಬಾಗಿಲುಗಳವರೆಗೆ ತೊಂದರೆಯಿಲ್ಲ. ಆಮೇಲೆ ಬೋಳು ಬಂಡೆ, ಕಾಲಿಡಲು ಕೊರೆದ ಗುಳಿ, ಹಿಡಿಯಲು ಕಂಬಿ. ಆ ಕಂಬಿ ದೊಡ್ಡವರ ಅಳತೆಯದು. ಅಲ್ಲಿಂದ ವಾಪಸು ಬಂದರೆ ಮರ್ಯಾದೆ ಹೋಗುವುದಿಲ್ಲ. ಸ್ಕಂದಗಿರಿಯನ್ನು ಹೈಸ್ಕೂಲಿಗೆ ಬಿಡಿ. ಚಿಕ್ಕವರಿಗೆ ಹೇಳಿ ಮಾಡಿಸಿದ್ದು ಗುಡಿಬಂಡೆಯ ಕೋಟೆ. ಏಳು ಸುತ್ತು ಇರುವುದರಿಂದ ಸುತ್ತಿಗೊಂದು ಬಾಗಿಲು, ಬಾಗಿಲಿಗೊಂದು ನೆಪ, ಬಂಡೆಯಲ್ಲಿ ನೀರಿನ ದೊಣೆಗಳು, ಮೇಲಿನಿಂದ ಭೈರಸಾಗರ ಕೆರೆ. ಕೋಲಾರದ ಅಂತರಗಂಗೆಯಲ್ಲಿ ಬಸವನ ಬಾಯಿಂದ ನೀರು ಸುರಿಯುವ ಕಲ್ಯಾಣಿಯವರೆಗೆ ಹೋಗಿ ಸಾಕು ಎನ್ನಬೇಕು. ಅದರ ಮೇಲಿನ ಗುಹೆಗಳಲ್ಲಿ ದೊಡ್ಡವರೇ ಹೊಟ್ಟೆ ಎಳೆದುಕೊಂಡು ತೂರಬೇಕಾಗುತ್ತದೆ.

ಘಾಟಿ ರಸ್ತೆಯಲ್ಲಿ ಮೊಬೈಲು ಕೊಟ್ಟು ಕೂರಿಸಿದ ಮಗು ಐದನೆಯ ತಿರುವಿಗೆ ಇಡ್ಲಿಯನ್ನು ವಾಪಸು ಮಾಡುತ್ತದೆ. ಪರದೆ ನೋಡುತ್ತಿರುವ ಕಣ್ಣು "ಕೂತಿದ್ದೇವೆ" ಎನ್ನುತ್ತದೆ, ಒಳಗಿವಿ "ತಿರುಗುತ್ತಿದ್ದೇವೆ" ಎನ್ನುತ್ತದೆ, ನಡುವೆ ಸಿಕ್ಕಿಕೊಂಡದ್ದು ಹೊಟ್ಟೆ. ಕಿಟಕಿ ಇಳಿಸಿ, ದೂರದ ಬೆಟ್ಟ ತೋರಿಸಬೇಕು. ಇಡ್ಲಿಯೂ ಒಂದೇ ಸಾಕು, ಬೆಣ್ಣೆ ಬರುವಾಗ.

ಹತ್ತುವ ಹೊತ್ತು ಆರೂವರೆ. ಏಳೂವರೆಗೆ ಹೊರಟರೆ ಹತ್ತು ಗಂಟೆಯ ಬಿಸಿಲು ಇನ್ನೂ ಮೇಲಿರುವಾಗಲೇ ಹಿಡಿಯುತ್ತದೆ. ದೊಡ್ಡವರು ಅರ್ಧ ಗಂಟೆಯಲ್ಲಿ ಹತ್ತುವುದಕ್ಕೆ ಮಕ್ಕಳಿಗೆ ಒಂದೂಕಾಲು ಗಂಟೆ ಇಟ್ಟುಕೊಳ್ಳಿ. ಅದರಲ್ಲಿ ಕಾಲು ಭಾಗ ಓತಿಕ್ಯಾತನಿಗೆ. ಈ ಬಂಡೆಗಳ ಮೇಲೆ ಗಂಡು ಓತಿಕ್ಯಾತ ಮಳೆಗಾಲದ ಆಸುಪಾಸಿನಲ್ಲಿ ಕೆಂಪು ಕಿತ್ತಳೆ ಬೆನ್ನು, ಕರೀ ಹೊಟ್ಟೆ ಮಾಡಿಕೊಂಡು ಗರಡಿಮನೆಯವರಂತೆ ದಂಡ ಹೊಡೆಯುತ್ತಿರುತ್ತದೆ. ಅದನ್ನು ನೋಡುತ್ತಿರುವ ಮಗುವಿಗೆ "ಬೇಗ ಬಾ" ಎನ್ನುವುದು ನಷ್ಟದ ವ್ಯಾಪಾರ, ಏಕೆಂದರೆ ಅಲ್ಲಿ ನಿಂತ ಐದು ನಿಮಿಷ ಕಾಲಿಗೆ ಸಿಕ್ಕ ವಿಶ್ರಾಂತಿ. ಮುಂದಿನ ಎಂಬತ್ತು ಮೆಟ್ಟಿಲು "ಎತ್ಕೋ" ಬರುವುದಿಲ್ಲ.

ಬಂದರೂ ಅದರ ಅರ್ಥ ಪ್ರತಿಸಲ ದಣಿವೇ ಅಲ್ಲ. ಮೊದಲು ಶೂ ಬಿಚ್ಚಿ ನೋಡಬೇಕು: ಕಡಲೆಕಾಳಿನಷ್ಟು ಕಲ್ಲು, ಮುದುಡಿದ ಕಾಲುಚೀಲ. ಆಮೇಲೆ ಬಾಯಾರಿಕೆ. ಮಕ್ಕಳು ಆಟದಲ್ಲಿ ನೀರು ಕೇಳುವುದಿಲ್ಲ, ಕೊಟ್ಟರೆ "ಬೇಡ". ಚಳಿಗಾಲವಾದರೆ ಇದಕ್ಕೆ ಮದ್ದು ಬೆಟ್ಟದ ಬುಡದಲ್ಲೇ ಗುಡ್ಡೆ ಹಾಕಿಕೊಂಡು ಕೂತಿರುತ್ತದೆ: ನೆಲ್ಲಿಕಾಯಿ. ಬೀಜ ತೆಗೆದು ಉಗುರಿನಷ್ಟು ಹೋಳು ಮಾಡಿ ಡಬ್ಬಿಯಲ್ಲಿಟ್ಟುಕೊಳ್ಳಿ. ಒಂದು ಹೋಳು ಬಾಯಿಗಿಟ್ಟರೆ ಮುಖ ಹಿಂಡುತ್ತದೆ, ಅಗಿದ ಮೇಲೆ ಒಂದು ಗುಟುಕು ನೀರು, ನೀರು ಸಿಹಿ! ಕೂಡಲೇ ಎರಡನೆಯ ಗುಟುಕು ಕೇಳಿ ಪಡೆಯುತ್ತದೆ, ಮೂರನೆಯದು ಅಕ್ಕನಿಗೂ ತೋರಿಸಲು. ನೂರು ಮಿಲಿ ಲೀಟರು ಹೊಟ್ಟೆಗೆ ಹೋಯಿತು. ಮಗುವೊಂದಕ್ಕೆ ಒಟ್ಟು ಮುಕ್ಕಾಲು ಲೀಟರು, ದೊಡ್ಡವರಿಗೆ ಒಂದೂವರೆ ಲೆಕ್ಕ. ಎರಡು ಲೀಟರಿನ ಒಂದು ಬಾಟಲಿಗಿಂತ ಅರ್ಧ ಲೀಟರಿನ ನಾಲ್ಕು ಒಳ್ಳೆಯದು; ಒಂದನ್ನು ಕೋತಿ ಒಯ್ದರೆ ಮೂರು ಉಳಿಯುತ್ತವೆ. ಬೇಸಿಗೆಯಲ್ಲಿ ಒಂದು ಲೀಟರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಮಚ ಕಟ್ಟಾಗಿ ತಲೆ ಸವರಿ ಹಾಕಿದ್ದು. ತಿನ್ನಲು ಬೆಲ್ಲ, ಹುರಿಹಿಟ್ಟಿನ ಉಂಡೆ. ನಾಲ್ಕು ತುಂಬದವರ ಕೈಗೆ ಇಡೀ ಕಡಲೆಬೀಜ ಬೇಡ: ಏದುಸಿರಿನಲ್ಲಿ ಅದು ಶ್ವಾಸನಾಳಕ್ಕೆ ಇಳಿಯುತ್ತದೆ.

ಕೋತಿಗೆ ಚೀಲದ ಬಣ್ಣಕ್ಕಿಂತ ಪ್ಲಾಸ್ಟಿಕ್ ಕವರಿನ ಸರಪರ ಸದ್ದು ಚೆನ್ನಾಗಿ ಗೊತ್ತು. ಸ್ಟೀಲು ಡಬ್ಬಿ, ಬಟ್ಟೆ ಚೀಲ, ಜಿಪ್ಪು. ಮಗುವಿನ ಕೈಯ ಬಿಸ್ಕತ್ತಿಗೆ ಕೈ ಹಾಕಿದರೆ ಬಿಟ್ಟುಬಿಡಲು ಮೊದಲೇ ಹೇಳಿಕೊಟ್ಟಿರಬೇಕು, ಬಿಸ್ಕತ್ತಿನ ಮೇಲಿನ ಹಕ್ಕು ಬೆಟ್ಟದ ಮೇಲೆ ನಡೆಯುವುದಿಲ್ಲ. ಪರಚಿದರೆ ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಲ್ಲಿ ತೊಳೆದು, ಅದೇ ದಿನ ರೇಬೀಸ್ ಲಸಿಕೆಗೆ ಹೋಗಬೇಕು. ಬಂಡೆಯ ಅಂಚಿನಡಿ ಹೆಜ್ಜೇನು ಕಟ್ಟಿದ್ದರೆ ಅಲ್ಲಿ ಸೆಂಟು, ಹೊಗೆ, ಕಲ್ಲೆಸೆತ ಮೂರೂ ಕೂಡದು.

ಎತ್ತಿಕೊಳ್ಳುವುದರಲ್ಲೂ ತಪ್ಪು ಇದೆ. ಎತ್ತರದ ಮೆಟ್ಟಿಲಿಗೆ ಮಗುವನ್ನು ಒಂದೇ ಮಣಿಕಟ್ಟು ಹಿಡಿದು ಮೇಲಕ್ಕೆ ಸೆಳೆಯುವುದು ನಮ್ಮೆಲ್ಲರ ಅಭ್ಯಾಸ. ಐದರೊಳಗಿನವರಿಗೆ ಮೊಣಕೈಯ ಕಟ್ಟು ಇನ್ನೂ ಸಡಿಲ. ಆ ಒಂದು ಸೆಳೆತಕ್ಕೆ ಮೂಳೆಯ ತುದಿ ಜಾರಿ, ಕೈ ಜೋತುಬೀಳುತ್ತದೆ. ಕಂಕುಳಿಗೆ ಎರಡೂ ಕೈ ಕೊಟ್ಟು ಎತ್ತಬೇಕು.

ಇಳಿಯುವುದೇ ನಿಜವಾದ ಕಷ್ಟ, ಯಾರೂ ಅದಕ್ಕೆ ಲೆಕ್ಕ ಇಟ್ಟಿರುವುದಿಲ್ಲ. ಶೂ ಒಳಗೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಗುದ್ದುತ್ತದೆ. ಶುಕ್ರವಾರ ರಾತ್ರಿಯೇ ಉಗುರು ಕತ್ತರಿಸಿ, ಮೇಲಿನಿಂದ ಹೊರಡುವಾಗ ಲೇಸು ಬಿಚ್ಚಿ ಹಿಮ್ಮಡಿ ಹಿಂದಕ್ಕೆ ತಟ್ಟಿ ಬಿಗಿಯಾಗಿ ಕಟ್ಟಬೇಕು. ಶಾಲೆಯ ಕರೀ ಶೂ ಅಟ್ಟೆ ಸವೆದಿದ್ದರೆ ಬಂಡೆಯ ಮೇಲೆ ಸೋಪಿನಂತೆ, ಪಿ.ಟಿ. ದಿನದ ಬಿಳಿ ಕ್ಯಾನ್ವಾಸೇ ವಾಸಿ. ಹತ್ತುವಾಗ ದೊಡ್ಡವರು ಮಗುವಿನ ಹಿಂದೆ, ಇಳಿಯುವಾಗ ಎರಡು ಮೆಟ್ಟಿಲು ಮುಂದೆ: ಎರಡು ಸಲವೂ ಮಗುವಿನ ಕೆಳಗಡೆ. ಮಳೆಗಾಲದಲ್ಲಿ ಬಂಡೆಯ ಕಪ್ಪು ಪಟ್ಟೆ ನೀರು ಹರಿಯುವ ದಾರಿ, ಪಾಚಿ ಅಲ್ಲೇ; ಕಾಲಿಡುವುದು ಬೂದು ಬಣ್ಣದ ಒರಟು ಕಲ್ಲಿನ ಮೇಲೆ. ಇಳಿಜಾರು ಬಂಡೆಯಲ್ಲಿ ಓಡಿದರೆ ನಿಲ್ಲಲು ಬರುವುದಿಲ್ಲ, ಕೂತು ಜರುಗಲಿ. ಚಡ್ಡಿಯ ಹಿಂಭಾಗ ಹೋಗುತ್ತದೆ, ಹೋಗಲಿ. ಹಳೇದನ್ನೇ ಹಾಕಿ ಕಳಿಸಿ.

ಇಳಿಯುವಾಗ ತೊಡೆಯ ಸ್ನಾಯು ಪ್ರತಿ ಹೆಜ್ಜೆಗೂ ಹಿಗ್ಗುತ್ತಲೇ ಭಾರ ತಡೆಯುತ್ತದೆ. ಅದರ ನೋವು ಆ ದಿನ ಬರುವುದಿಲ್ಲ, ಒಂದು ದಿನ ಬಿಟ್ಟು ಬರುತ್ತದೆ. ಸೋಮವಾರ ಬೆಳಿಗ್ಗೆ, ಮೊದಲ ಮಹಡಿಯ ಮನೆಯಿಂದ ಶಾಲೆಯ ವ್ಯಾನಿಗೆ ಇಳಿಯುವಾಗ ಮಗು ಕರೀ ಶೂ ಹಾಕಿಕೊಂಡು ದಡದಡ ಓಡಿಹೋಗಿರುತ್ತದೆ. ಅಪ್ಪ ಕಂಬಿ ಹಿಡಿದು, ಅಡ್ಡ ತಿರುಗಿ, ಒಂದೊಂದೇ ಮೆಟ್ಟಿಲು. ಆ ಎರಡಕ್ಷರ ನಾಲಿಗೆಯ ತುದಿಯಲ್ಲೇ ಇರುತ್ತದೆ.