ಕೂತ್ಕೊಳಿ ಸರ್, ಡಾಕ್ಟರ್ ಬರ್ತಾರೆ

ಆಫೀಸಿನವರು ಇನ್ಶೂರೆನ್ಸ್ ಫಾರ್ಮ್ ಕಳಿಸಿದ್ದಾರೆ, ಶುಕ್ರವಾರದೊಳಗೆ ತುಂಬಬೇಕಂತೆ. ಹೆಸರು, ಎತ್ತರ, ತೂಕ, ಸಿಗರೇಟು ಉಂಟೋ ಇಲ್ಲವೋ, ಎಲ್ಲ ಸಲೀಸಾಗಿ ಮುಗೀತು. ಆಮೇಲೆ ಬಂತು ನೋಡಿ: ‘ನಿಮ್ಮ ಫ್ಯಾಮಿಲಿ ಡಾಕ್ಟರ್ ಹೆಸರು ಮತ್ತು ವಿಳಾಸ’. ಪಕ್ಕದಲ್ಲೊಂದು ಕೆಂಪು ಚುಕ್ಕಿ. ಅದನ್ನು ತುಂಬದೆ ಫಾರ್ಮು ಮುಂದಕ್ಕೆ ಹೋಗಲ್ಲ. ಅರಸೀಕೆರೆಯಿಂದ ಬಂದು ಬೆಂಗಳೂರಿನ ವಿಜಯನಗರದಲ್ಲಿ ರೂಮು ಮಾಡಿಕೊಂಡಿರೋ ಹುಡುಗನಿಗೆ ಫ್ಯಾಮಿಲಿಗೇ ಗತಿ ಇಲ್ಲ, ಅದಕ್ಕೊಬ್ಬ ಡಾಕ್ಟರನ್ನು ಎಲ್ಲಿಂದ ತರೋದು?

ತಮಾಷೆ ಏನಂದ್ರೆ, ಇದೇ ಪಾಲಿಸಿಯವರು ಡಾಕ್ಟರ್ ಫೀಸಿಗೆ ನಯಾಪೈಸೆ ಕೊಡಲ್ಲ. 24 ಗಂಟೆ ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ ಮಾತ್ರ ದುಡ್ಡು. ಕೆಮ್ಮು, ನೆಗಡಿ, ವಾಂತಿ, ಭೇದಿ ಎಲ್ಲ ನಮ್ಮ ಸ್ವಂತ ಖರ್ಚು. ಕಾಸು ಬಿಚ್ಚದವರಿಗೆ ಹೆಸರು ಯಾಕೆ ಬೇಕೋ!

ನನ್ನ ರೂಮ್‌ಮೇಟ್ ಆ ಜಾಗದಲ್ಲಿ ಕೆಳಗಿನ ಮೆಡಿಕಲ್ ಶಾಪಿನ ಅಣ್ಣನ ಹೆಸರು ಬರೆದ. ನ್ಯಾಯವಾಗಿ ನೋಡಿದರೆ ಸರಿಯಾಗೇ ಬರೆದಿದ್ದಾನೆ. ಬೆಂಗಳೂರಿನ ಬ್ಯಾಚುಲರ್‌ಗಳ ಆರೋಗ್ಯ ನಿಂತಿರೋದೇ ಅಂಥ ಅಣ್ಣಂದಿರ ಕತ್ತರಿಯ ಮೇಲೆ. ‘ಅಣ್ಣಾ, ಮೈಕೈ ನೋವು’ ಅನ್ನುವಷ್ಟರಲ್ಲಿ ಡೋಲೋ 650 ಸ್ಟ್ರಿಪ್ಪಿನಿಂದ ನಾಲ್ಕು ಮಾತ್ರೆ ಕಚಕ್ಕನೆ ಕತ್ತರಿಸಿ, ‘ಊಟ ಆದ್ಮೇಲೆ’ ಅಂತ ಕೈಗಿಡ್ತಾರೆ. ಆ ಮಾತ್ರೆ ಮಾಡೋ ಕಂಪನಿಯೂ ನಮ್ಮ ಬೆಂಗಳೂರಿನದೇ. ಅಷ್ಟರ ಮಟ್ಟಿಗೆ ಊರು ನಮ್ಮನ್ನು ಕೈಬಿಟ್ಟಿಲ್ಲ.

ಆದರೆ ಮೆಡಿಕಲ್ ಶಾಪಿನಲ್ಲಿ ಹೇಳಲಾಗದ ಕಾಯಿಲೆಗಳೂ ಬರುತ್ತವೆ. ನನಗೆ ಬಂದಿದ್ದು ಕುರು. ಕೂರುವ ಜಾಗದಲ್ಲಿ. ಬೇಸಿಗೆ, ಬೈಕು, ಔಟರ್ ರಿಂಗ್ ರೋಡಿನ ಟ್ರಾಫಿಕ್ಕು, ಮೇಲೆ ದಿನವಿಡೀ ಕುರ್ಚಿ. ಬರದೇ ಇನ್ನೇನು ಮಾಡುತ್ತೆ ಪಾಪ. ಸ್ಟಾರು ಜಾಸ್ತಿ ಇದ್ದ ಒಂದು ದೊಡ್ಡ ಕ್ಲಿನಿಕ್ಕಿಗೆ ಹೋದೆ. ರಿಸೆಪ್ಶನ್ ಹುಡುಗಿ ಕಂಪ್ಯೂಟರ್‌ನಿಂದ ಕಣ್ಣು ಕೀಳದೆ, ಹಿಂದಿನ ಸಾಲಿಗೂ ಕೇಳುವ ದನಿಯಲ್ಲಿ ಶುರುಮಾಡಿದಳು.

‘ಏನು ಪ್ರಾಬ್ಲಮ್ ಸರ್?’

‘ಡಾಕ್ಟರ್ ಹತ್ರಾನೇ ಹೇಳ್ತೀನಿ.’

‘ಇಲ್ಲ ಸರ್, ಎಂಟ್ರಿ ಆಗ್ಲೇಬೇಕು.’

‘ಕುರು,’ ಅಂದೆ, ಗಲ್ಲಾದ ಕಡೆ ಬಗ್ಗಿ.

‘ಕುರು! ಎಲ್ಲಿ ಸರ್? ತಲೆನಾ? ಮುಖನಾ? ಕೈಯಾ? ಬೆನ್ನಾ?’

‘ಬೆನ್ನು ಅಂತ ಹಾಕಿ.’

‘ಮೇಲಾ, ಕೆಳಗಾ?’

‘ಕೆಳಗೆ.’

‘ಎಷ್ಟು ಕೆಳಗೆ ಸರ್? ಯಾಕಂದ್ರೆ ಚರ್ಮದ ಮೇಲಾದ್ರೆ ಡರ್ಮಟಾಲಜಿ, ಕೀವಾಗಿದ್ರೆ ಸರ್ಜರಿ, ಇನ್ನೂ ಆಚೆ ಆದ್ರೆ ಪೈಲ್ಸ್ ಡಾಕ್ಟರ್ ಬೇರೆ ಇದಾರೆ.’

ಆಚೆ ಅಂದ್ರೆ ಎಲ್ಲಿ ಅಂತ ಇಡೀ ಹಾಲಿಗೆ ಅರ್ಥವಾಯಿತು. ಹಾಲ್ ತುಂಬಾ ಜನ. ಒಬ್ಬರು ಮೊಬೈಲು ಕೆಳಗಿಟ್ಟರು. ಅವಳು ಮಾತ್ರ ನಿರ್ವಿಕಾರವಾಗಿ ಟೈಪ್ ಮಾಡಿ ಮುಗಿಸಿ, ಟೋಕನ್ ಕೊಟ್ಟು, ‘ಕೂತ್ಕೊಳಿ ಸರ್, ಡಾಕ್ಟರ್ ಬರ್ತಾರೆ’ ಅಂದಳು.

‘ಪರವಾಗಿಲ್ಲ, ನಿಂತಿರ್ತೀನಿ.’

‘ಲೇಟಾಗುತ್ತೆ ಸರ್, ಕೂತ್ಕೊಳಿ.’

ನಾನು ಅವಳನ್ನೇ ನೋಡಿದೆ. ಈಗತಾನೇ ಟೈಪ್ ಮಾಡಿದ್ದು ಏನಮ್ಮಾ? ಮೂಲೆಯಲ್ಲಿದ್ದ ಅಜ್ಜಿಯೊಬ್ಬರು, ಕಿವಿ ಮಂದ ಇರಬೇಕು, ಪಕ್ಕದ ಕುರ್ಚಿ ತಟ್ಟಿ, ‘ಬಾಪ್ಪಾ, ಎಷ್ಟೊತ್ತು ನಿಂತಿರ್ತೀಯ’ ಅಂತ ಕರೆದರು. ಅವರ ಸೊಸೆ ಕಿವಿಯಲ್ಲಿ ಏನೋ ಹೇಳಿದರು. ಅಜ್ಜಿ ಮುಖದಲ್ಲಿ ಕರುಣೆ ಉಕ್ಕಿ ಬಂತು. ‘ಅಯ್ಯೋ, ಅದಕ್ಕೇನು! ಈರುಳ್ಳಿ ಸುಟ್ಟು, ಅರಿಶಿನ ಹಾಕಿ ಕಟ್ಟಪ್ಪ, ಬೆಳಗಾಗೋದ್ರಲ್ಲಿ ಒಡೆಯುತ್ತೆ’ ಅಂದರು, ರಿಸೆಪ್ಶನ್ ಹುಡುಗಿಗಿಂತ ಜೋರಾಗಿ.

ಒಳಗೆ ಹೋದ ಮೇಲೆ ಡಾಕ್ಟರು ನನ್ನ ಯಾವ ಭಾಗವನ್ನೂ ಸರಿಯಾಗಿ ನೋಡಲಿಲ್ಲ, ಮುಖವನ್ನೂ ಸೇರಿಸಿ. ಪದೇ ಪದೇ ಕುರು ಆದರೆ ಶುಗರ್ ಇರಬಹುದು ಅಂದರು. ಅದು ನಿಜವಾದ ಮಾತೇ, ಒಪ್ಪೋಣ. ಆದರೆ ಇದು ಮೊದಲನೇ ಸಲ ಅಂತ ಹೇಳುವಷ್ಟರಲ್ಲಿ ಎಚ್‌ಬಿಎ1ಸಿ, ಸಿಬಿಸಿ, ವಿಟಮಿನ್ ಡಿ, ಬಿ12 ಅಂತ ರಕ್ತಪರೀಕ್ಷೆಗಳ ಪಟ್ಟಿ ಪ್ರಿಂಟ್ ಆಗಿ ಹೊರಗೆ ಬಂದಿತ್ತು. ಕುರುವಿಗೂ ಬಿ12ಗೂ ಏನು ನೆಂಟಸ್ತಿಕೆಯೋ ದೇವರೇ ಬಲ್ಲ. ಅಲೋಪಥಿಗೆ ನೀಲಿ ಬೋರ್ಡು, ಆಯುರ್ವೇದಕ್ಕೆ ಹಸಿರು ಬೋರ್ಡು ಅಂತ 2024ರಲ್ಲಿ ಸರ್ಕಾರ ನಿಯಮ ಮಾಡಿತು. ಒಳಗಿರೋರು ತಲೆ ಎತ್ತಿ ನೋಡ್ತಾರಾ ಅಂತ ತಿಳಿಸೋಕೂ ಒಂದು ಬಣ್ಣ ಇಟ್ಟಿದ್ದರೆ ಉಪಕಾರವಾಗೋದು.

ನಮ್ಮೂರಲ್ಲಿ ಈ ಆಯ್ಕೆಯ ರಗಳೆಯೇ ಇರಲಿಲ್ಲ. ಇದ್ದಿದ್ದೇ ಒಬ್ಬರು. ಅಪ್ಪ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದರೆ, ಡಾಕ್ಟರು ಬಾಗಿಲಲ್ಲೇ ‘ಮತ್ತೆ ಬೋಂಡ ತಿಂದ್ಯಾ?’ ಅನ್ನೋರು. ಕಂಪೌಂಡರ್ ಗುಲಾಬಿ ಬಣ್ಣದ ಔಷಧಿಯ ಸೀಸೆಗೆ ಕಾಗದ ಕತ್ತರಿಸಿ ಗುರುತು ಅಂಟಿಸೋರು, ಹೊತ್ತಿಗೊಂದು ಗುರುತು. ಅಜ್ಜಿಯ ಅಸ್ತಮಾ, ಅಪ್ಪನ ಬಿಪಿ, ನನ್ನ ಬೋಂಡ, ಯಾವುದನ್ನೂ ಅವರಿಗೆ ಎರಡನೇ ಸಲ ಹೇಳಬೇಕಿರಲಿಲ್ಲ. ಅವರೀಗ ಇಲ್ಲ. ಇಲ್ಲಿ ಪ್ರತಿ ಕ್ಲಿನಿಕ್ಕಿನಲ್ಲೂ ನಾನು ಹೊಸದಾಗಿ ಹುಟ್ಟಿ, ವಯಸ್ಸು, ತೂಕ, ಅಲರ್ಜಿ ಎಲ್ಲ ಒಂದರಿಂದ ಒಪ್ಪಿಸಬೇಕು.

ಹಾಗಂತ ಸಿಗಲೇ ಇಲ್ಲ ಅಂತಲ್ಲ. ಮೊನ್ನೆ ಹೊಸಹಳ್ಳಿಯ ಒಂದು ಅಡ್ಡರಸ್ತೆಯಲ್ಲಿ, ಮನೆಯ ಗ್ಯಾರೇಜಿನಲ್ಲೇ ಕ್ಲಿನಿಕ್ ಇಟ್ಟುಕೊಂಡಿರೋ ವಯಸ್ಸಾದ ಡಾಕ್ಟರೊಬ್ಬರು ಸಿಕ್ಕರು. ಟಾರ್ಚ್ ಹಾಕಿ ಗಂಟಲು ನೋಡಿದರು. ರಾತ್ರಿ ಊಟ ಎಲ್ಲಿ ಅಂತ ಕೇಳಿದರು, ಸ್ವಿಗ್ಗಿ ಅಂದಿದ್ದಕ್ಕೆ ಬೈದರು. ತಾಯಿಗೆ ಶುಗರ್ ಇದೆಯಾ, ನಿದ್ದೆ ಬರುತ್ತಾ, ಸಂಬಳ ಸಾಕಾಗುತ್ತಾ ಅಂತೆಲ್ಲ ವಿಚಾರಿಸಿದರು. ಮಾತ್ರೆ ಹೆಸರನ್ನು ಓದುವ ಹಾಗೆ, ದೊಡ್ಡಕ್ಷರದಲ್ಲಿ ಬರೆದರು. ನೂರೈವತ್ತು ರೂಪಾಯಿ ತಗೊಂಡು ಡ್ರಾಯರಿಗೆ ಹಾಕಿದರು. ನನಗೆ ಕಣ್ಣಲ್ಲಿ ನೀರು ಬರೋದೊಂದು ಬಾಕಿ.

‘ಸರ್, ನಿಮ್ಮನ್ನೇ ಫ್ಯಾಮಿಲಿ ಡಾಕ್ಟರ್ ಅಂತ ಬರ್ಕೊಳ್ಲಾ?’

‘ಬರ್ಕೊಳಪ್ಪ, ಧಾರಾಳವಾಗಿ. ಆದ್ರೆ ಮುಂದಿನ ವಾರ ನಾವು ಅಮೆರಿಕಾಗೆ ಹೊರಟ್ವಿ. ಮಗಳ ಬಾಣಂತನ, ನಮ್ಮ ಮನೆಯವರು ಪಥ್ಯದ ಅಡುಗೆ ಮಾಡ್ತಾರೆ, ನನಗೆ ಡೈಪರ್ ಡ್ಯೂಟಿ. ಆರು ತಿಂಗಳು ಅಷ್ಟೇ. ಅಲ್ಲಿವರೆಗೆ ಕಾಯಿಲೆ ಬೀಳಬೇಡ.’

ಪ್ರಯತ್ನ ಪಡ್ತೀನಿ ಸರ್ ಅಂದೆ.