ರಾಣಿಯರ ಹೆಸರಿಗೆ ಖಾತೆಯಾದ ಅರಮನೆ

ನಮ್ಮ ಕಡೆ ನಾಲ್ಕು ಕಾಸು ಮಾಡಿಕೊಂಡ ರಾಜಕಾರಣಿ ಮೊದಲು ಮಾಡುವ ಕೆಲಸವೆಂದರೆ ಸೈಟು, ತೋಟ, ಪೆಟ್ರೋಲ್ ಬಂಕು ಎಲ್ಲವನ್ನೂ ಹೆಂಡತಿಯ ಹೆಸರಿಗೆ ಬರೆಸುವುದು. ಚುನಾವಣೆಯ ಅಫಿಡವಿಟ್ ತೆಗೆದು ನೋಡಿದರೆ ಪಾಪ, ಆತನಿಗೆ ಸ್ವಂತದ್ದೊಂದು ಸ್ಕೂಟರೂ ಇರುವುದಿಲ್ಲ. ಇದು ಪ್ರಜಾಪ್ರಭುತ್ವ ಕಲಿಸಿದ ವಿದ್ಯೆ ಅಂದುಕೊಂಡಿದ್ದೆ. ಮೊನ್ನೆ ಹಂಪಿಗೆ ಹೋಗಿ ಬಂದ ಮೇಲೆ ತಿಳಿಯಿತು, ಇದು ಸಾಮ್ರಾಜ್ಯದ ಕಾಲದಿಂದಲೂ ನಡೆದು ಬಂದದ್ದು.

ಕಮಲಾಪುರದ ಕಡೆಯಿಂದ ಬಂದರೆ ಮೊದಲು ಎದುರಾಗುವುದು ರಾಣಿಯ ಸ್ನಾನಗೃಹ. ಮುಂದೆ ಹೋದರೆ ರಾಣಿವಾಸ. ಅದರೊಳಗೆ ರಾಣಿಯ ಅರಮನೆಯ ಪಾಯ, ರಾಣಿಯರು ತಂಪಿಗೆ ಕೂರುತ್ತಿದ್ದರೆಂಬ ಕಮಲ ಮಹಲ್, ರಾಣಿಯರು ಇಣುಕುತ್ತಿದ್ದರೆಂಬ ಕಾವಲು ಗೋಪುರ. ಇಷ್ಟು ದೊಡ್ಡ ರಾಜ್ಯ ಆಳಿದ ಕೃಷ್ಣದೇವರಾಯನ ಹೆಸರಿನಲ್ಲಿ ಸೂರಿರುವ ಒಂದು ಮನೆ ತೋರಿಸಿ ಎಂದರೆ ಇಲ್ಲ. ಒರಿಸ್ಸಾದ ರಾಜನಿಂದ ಉದಯಗಿರಿ ಗೆದ್ದು ಬಂದು ಕೃಷ್ಣ ದೇವಾಲಯ ಕಟ್ಟಿಸಿದ, ಅದು ದೇವರ ಹೆಸರಿಗೆ ಹೋಯಿತು. ಅರಮನೆ ಎಂದು ಬೋರ್ಡು ಹಾಕಿದ ಕಡೆ ಕಲ್ಲಿನ ಜಗಲಿ ಇದೆ, ಮೇಲೆ ಆಕಾಶ ಇದೆ, ನಡುವೆ ಒಂದು ಆಡು ಮಲಗಿದೆ.

ಕಾರಣ ಸರಳ. ಅರಮನೆಗಳ ಪಾಯ ಮಾತ್ರ ಕಲ್ಲು, ಮೇಲಿನದೆಲ್ಲ ಮರ. ರಾಜನ ಸಭಾಮಂಟಪದಲ್ಲಿ ನೂರು ಕಂಬಗಳ ಕುಳಿಗಳು ಇವತ್ತಿಗೂ ಸಾಲಾಗಿ ಕಾಣುತ್ತವೆ, ಕಂಬಗಳಿಲ್ಲ. 1565ರ ರಕ್ಕಸ-ತಂಗಡಿ ಯುದ್ಧದಲ್ಲಿ ವಿಜಯನಗರ ದಖ್ಖನದ ಸುಲ್ತಾನರಿಗೆ ಸೋತ ನಂತರ ಊರು ಸುಟ್ಟಾಗ ಮರ ಬೂದಿಯಾಯಿತು. ಕಲ್ಲು ಗಾರೆಯ ಕಮಾನು, ಗುಮ್ಮಟಗಳ ಕಟ್ಟಡಗಳು ಉಳಿದುಕೊಂಡವು. (ಸುಲ್ತಾನರನ್ನು ಬೈದು ಭಾಷಣ ಬಿಗಿಯುವವರು ಫೋಟೋ ತೆಗೆಸಿಕೊಳ್ಳಲು ಹುಡುಕಿಕೊಂಡು ಹೋಗುವುದು ಇದೇ ಸುಲ್ತಾನರ ಶೈಲಿಯ ಕಮಾನುಗಳ ಕೆಳಗೆ. ಇರಲಿ.) ಶತಮಾನಗಳ ಮೇಲೆ ಬಂದ ಇಂಗ್ಲಿಷ್ ಸಾಹೇಬರು, ಊರಿನ ಹಳಬರು ಈ ಉಳಿದವುಗಳಿಗೆ ಹೆಸರಿಟ್ಟರು. ಸೊಂಟ ಬಳುಕಿಸಿದ ಹಾಗೆ ಕಮಾನಿದ್ದರೆ ರಾಣಿಯದು, ಕಮಾನು ದೊಡ್ಡದಾಗಿದ್ದರೆ ಆನೆಯದು. ಸರ್ವೆ ಮುಗಿಯಿತು, ಖಾತೆ ಆಯಿತು.

ಈಗ ಆ ಸ್ನಾನಗೃಹವನ್ನೇ ನೋಡಿ. 15 ಮೀಟರ್ ಚೌಕದ, ಆಳು ಮುಳುಗುವಷ್ಟು ಆಳದ ಕೊಳ. ತಲೆಯ ಮೇಲೆ ಬಟಾಬಯಲು. ಸುತ್ತ ಮೊಗಸಾಲೆ, ಅದರಿಂದ ಕೊಳದ ಮೇಲಕ್ಕೆ ಚಾಚಿಕೊಂಡ ಉಪ್ಪರಿಗೆಗಳು, ಅಂದರೆ ನೋಡುವವರಿಗೆ ಗ್ಯಾಲರಿ. ಇರುವುದು ಅರಮನೆಯ ಕೋಟೆಗೋಡೆಯ ಆಚೆ. ಮನೆ ತುಂಬ ಆಳುಕಾಳಿದ್ದ ಪಟ್ಟದ ರಾಣಿ ಬೆಳಗಾದರೆ ಸೀಗೆಪುಡಿ, ಒಣಬಟ್ಟೆ ಹಿಡಿದು ಕೋಟೆ ದಾಟಿ ಇಲ್ಲಿಗೆ ಬರುತ್ತಿದ್ದಳಂತೆ. ಇದನ್ನು ನಂಬುವವರು ತಮ್ಮ ಮನೆಯ ಬಚ್ಚಲಿಗೆ ಮಾತ್ರ ಎರಡು ಚಿಲಕ ಹಾಕಿಸುತ್ತಾರೆ.

ರಾಣಿವಾಸದ ಗೋಡೆ ದಾಟಿದರೆ ಗಜಶಾಲೆ, ಸಾಲಾಗಿ 11 ಕೋಣೆ. ರಾಣಿವಾಸವೆಂಬ ಹೆಸರನ್ನೇ ವಿದ್ವಾಂಸರು ಅನುಮಾನಿಸುತ್ತಾರೆ. ಅಲ್ಲಿ ರಾಜಕಾರ್ಯ, ಸೈನ್ಯದ ಕೆಲಸ ನಡೆಯುತ್ತಿದ್ದಿರಬೇಕು, ಕಮಲ ಮಹಲ್ ಸಮಾಲೋಚನೆಯ ಜಾಗವಾಗಿರಬೇಕು ಎಂಬ ವಾದವಿದೆ. ಆದರೆ ‘ಸೇನಾಪತಿಗಳು ಸಭೆ ನಡೆಸುತ್ತಿದ್ದ ಮಹಲ್’ ಎಂದರೆ ಅದರ ಮುಂದೆ ಯಾರು ಸ್ವಾಮಿ ಮದುವೆಗೆ ಮುಂಚಿನ ಫೋಟೋ ಶೂಟ್ ಮಾಡಿಸುತ್ತಾರೆ?

ನಿಜವಾದ ರಾಣಿಯರ ಸುದ್ದಿ ಬೇಕಾದರೆ ಸುಮಾರು 1520ರಲ್ಲಿ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯಸ್ ಬರೆದಿಟ್ಟಿದ್ದಾನೆ. (ಶಾಲೆಯಲ್ಲಿ ನಮಗೆ ಈತನ ಹೆಸರು ನೆನಪಿದ್ದದ್ದು ಹಬ್ಬದೂಟದ ದೆಸೆಯಿಂದ.) ರಾಜನಿಗೆ ಹನ್ನೆರಡು ಮಂದಿ ಧರ್ಮಪತ್ನಿಯರು, ಅವರಲ್ಲಿ ಮೂವರು ಮುಖ್ಯರು, ಒಬ್ಬಳು ಒರಿಸ್ಸಾದವಳು, ಒಬ್ಬಳು ನಮ್ಮ ಶ್ರೀರಂಗಪಟ್ಟಣದ ಕಡೆಯವಳು. ಅರಮನೆಯ ಒಂದು ಕೋಣೆ ನೆತ್ತಿಯಿಂದ ನೆಲದವರೆಗೆ ದಂತದ್ದು. ರಾಜ ಬೆಳಕು ಹರಿಯುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಬಳಿದುಕೊಂಡು, ಬೆವರಾಗಿ ಇಳಿಯುವ ತನಕ ಕಸರತ್ತು ಮಾಡಿ, ಆಮೇಲೆ ಜಟ್ಟಿಯೊಡನೆ ಕುಸ್ತಿಗಿಳಿಯುತ್ತಿದ್ದ. ಬೆಳಗಿನ ಎಂಟಕ್ಕೆ ಬ್ಯಾಟರಿ ಗಾಡಿಯ ಸರತಿಯಲ್ಲಿ ನಿಂತು, ಒಂದು ಕಿಲೋಮೀಟರ್ ನಡೆಯಬೇಕಾ ಎಂದು ಮುಖ ಸಿಂಡರಿಸುವ ನಾವು ಆತನ ವಾರಸುದಾರರು.

ಮಹಾನವಮಿ ದಿಬ್ಬದ ಮೇಲೆ ಬೆಂಗಳೂರಿನ ಸಂಸಾರವೊಂದು ಸಿಂಹಾಸನ ಹುಡುಕುತ್ತಿತ್ತು. ಸಿಂಹಾಸನ ಎಲ್ಲಿಂದ ಬರಬೇಕು? ಇಲ್ಲಿ ನಡೆಯುತ್ತಿದ್ದ ದಸರಾ ಹಬ್ಬವೇ 1610ರಲ್ಲಿ ಶ್ರೀರಂಗಪಟ್ಟಣಕ್ಕೆ ವರ್ಗವಾಗಿ, ಅಲ್ಲಿಂದ ಮೈಸೂರಿಗೆ ಬಡ್ತಿ ಪಡೆದಿದೆ. ಹಂಪಿಗೆ ಉಳಿದದ್ದು ಉತ್ಸವ. ಅದಕ್ಕೂ ಅರಮನೆಯ ಶಿಸ್ತೇ: ಮುಂದಿನ ಸಾಲಿಗೆ ಸೋಫಾ, ಹಿಂದಿನದಕ್ಕೆ ಪ್ಲಾಸ್ಟಿಕ್ ಕುರ್ಚಿ, ಊರಿನವರಿಗೆ ಬೇಲಿ.

ಊರಿನವರು ಅಂದದ್ದಕ್ಕೆ ನೆನಪಾಯಿತು. ಗತಿಸಿದ ರಾಣಿಯರ ಖಾತೆ ಇಷ್ಟು ಭದ್ರವಾಗಿರುವ ಊರಿನಲ್ಲಿ ಬದುಕಿರುವವರ ಖಾತೆ ಮಾತ್ರ ನಿಲ್ಲಲಿಲ್ಲ. ವಿರೂಪಾಕ್ಷ ಬಜಾರಿನ ಹಳೆಯ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡವರಿದ್ದರು. ಬಾಳೆಹಣ್ಣು ಮಾರುವವರು, ಇಡ್ಲಿ ಬೇಯಿಸುವವರು, ಹೊಲಿಗೆ ಯಂತ್ರ ಇಟ್ಟುಕೊಂಡವರು. 2011ರ ಜುಲೈನಲ್ಲಿ ಜೆಸಿಬಿ ಬಂತು. ಅವರದು ಅತಿಕ್ರಮಣ. ಬಜಾರು ಎಂದರೆ ಯಾರೂ ಏನೂ ಮಾರದ ಜಾಗ ಎಂದು ಅಂದೇ ನಮಗೆ ತಿಳಿದದ್ದು. ಈ ಬಜಾರುಗಳಲ್ಲಿ ಮುತ್ತು ರತ್ನಗಳನ್ನು ಬಳ್ಳದಲ್ಲಿ ಅಳೆಯುತ್ತಿದ್ದರು ಎಂದು ಗದ್ಗದಿತರಾಗುವ ನಾವು, ಅಲ್ಲಿ ಕಡಲೆಕಾಯಿ ಅಳೆಯುವವರನ್ನು ಸಹಿಸಲಿಲ್ಲ.

ಕಾನೂನು ಸುಮ್ಮನೆ ಕೂತಿದೆ ಎಂದಲ್ಲ. 2019ರಲ್ಲಿ ನಾಲ್ವರು ಹುಡುಗರು ಗಜಶಾಲೆಯ ಹಿಂದಿನ ಗುಡಿಯಲ್ಲಿ ಕಂಬ ಬೀಳಿಸಿ ವಿಡಿಯೋ ಹರಿಬಿಟ್ಟಾಗ, ನ್ಯಾಯಾಲಯ ತಲೆಗೆ 70,000 ರೂಪಾಯಿ ದಂಡ ಹಾಕಿ, ಕೆಡವಿದ ಕಂಬಗಳನ್ನು ಅವರ ಕೈಯಿಂದಲೇ ನಿಲ್ಲಿಸಿತು. 454 ವರ್ಷ ಮೊದಲೇ ಈ ತೀರ್ಪು ಬಂದಿದ್ದರೆ ನಾಲ್ವರು ಸುಲ್ತಾನರು ಇನ್ನೂ ಗಾರೆ ಕಲಸುತ್ತಿದ್ದರು.

ಕೊನೆಗೆ ಪುಷ್ಕರಣಿಯ ಬಳಿ ಬಂದೆವು. ಹಂಪಿಯಲ್ಲಿ ನನಗೆ ಬಹಳ ಇಷ್ಟವಾದ ಜಾಗ ಇದು. 1980ರ ದಶಕದ ಉತ್ಖನನದಲ್ಲಿ ಮಣ್ಣಿನಡಿಯಿಂದ ಎದ್ದು ಬಂದದ್ದು. ಕಪ್ಪು ಕಲ್ಲಿನ ಮೆಟ್ಟಿಲುಗಳು ರಂಗೋಲಿ ಎಳೆದ ಹಾಗೆ ಇಳಿಯುತ್ತವೆ. ಯಾವ ಕಲ್ಲು ಯಾವ ಸಾಲಿನಲ್ಲಿ ಎಲ್ಲಿ ಕೂರಬೇಕು ಎಂದು ಕಲ್ಲುಕುಟಿಗರು ಮಾಡಿಕೊಂಡ ಗುರುತುಗಳು ಹಾಗೇ ಇವೆ. ಇಡೀ ಅರಮನೆಯಲ್ಲಿ ಕಟ್ಟಿದವರ ಕೈಬರಹ ಇಷ್ಟು ಹತ್ತಿರದಿಂದ ಕಾಣುವುದು ಇಲ್ಲೇ. ಹೆಸರಿಡುವ ಸಾಹೇಬರು ಊರಿಗೆ ಹೊರಟ ಮೇಲೆ ಸಿಕ್ಕಿದ್ದರಿಂದ ಯಾವ ರಾಣಿಗೂ ಬರೆದುಕೊಟ್ಟಿಲ್ಲ.

ನನ್ನ ಜೊತೆಗಿದ್ದ ಗೈಡು ಹೊಸಪೇಟೆಯವನು. ಇವೆಲ್ಲ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹಾಗಾದರೆ ಸ್ನಾನಗೃಹದಲ್ಲಿ ಯಾಕಪ್ಪ ಆ ಕಥೆ ಹೇಳಿದೆ ಎಂದು ಕೇಳಿದೆ. “ಅಧಿಷ್ಠಾನ, ಉತ್ಖನನ ಅಂದ್ರ ಯಾರೂ ನಿಲ್ಲಂಗಿಲ್ರಿ ಸರ. ರಾಣಿ ಮೈ ತೊಳ್ಕೊಂತಿದ್ಲು ಅಂದ್ರ ಬಿಸಿಲಾಗ ಅರ್ಧ ತಾಸು ನಿಂತು ಕೇಳ್ತಾರ” ಎಂದ.

ಅಷ್ಟರಲ್ಲಿ ಸಿಂಹಾಸನದ ಸಂಸಾರ ಅಲ್ಲಿಗೂ ಬಂತು. ಯಜಮಾನರು ಮೊಬೈಲ್ ಎತ್ತಿ ಹಿಡಿದು ಪುಷ್ಕರಣಿಯನ್ನು ಒಮ್ಮೆ ನೋಡಿ, “ಗೈಡೇ, ಇದು ಯಾವ ರಾಣಿದು?” ಎಂದರು.

ಗೈಡು ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಅವರ ಕಡೆ ತಿರುಗಿ, ಬಹಳ ವಿನಯದಿಂದ, “ನಿಮಗ ಯಾವ ರಾಣಿ ಬೇಕ್ರಿ ಸರ?” ಎಂದ.