ನೊಣದ ಚಹರೆಪಟ್ಟಿ

ನೊಣವನ್ನು ಕಂಡೊಡನೆ ಕೈ ತಾನಾಗಿಯೇ ಮೇಲೇಳುತ್ತದೆ. ಕಣ್ಣು ಅದನ್ನು ನೋಡುವುದಕ್ಕೂ ಕೈ ಅದನ್ನು ಓಡಿಸುವುದಕ್ಕೂ ನಡುವಿನ ಅವಧಿ ಎಷ್ಟು ಚಿಕ್ಕದೆಂದರೆ, ಅದರ ಮುಖ ಯಾವ ಬಣ್ಣದ್ದು, ಹೊಟ್ಟೆಯ ಮೇಲೆ ಪಟ್ಟೆಗಳಿವೆಯೇ, ರೆಕ್ಕೆಯ ಅಂಚು ಕಪ್ಪೋ ಬಿಳುಪೋ ಎಂದು ವಿಚಾರಿಸುವ ಸೌಜನ್ಯಕ್ಕೆ ಅಲ್ಲಿ ಎಡೆಯೇ ಇರುವುದಿಲ್ಲ. ಹೀಗಿರುವಾಗ, ಎಂಟು ಮಿಲಿಮೀಟರು ಉದ್ದವೂ ಮುಟ್ಟದ ಒಂದು ನೊಣವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟುಕೊಂಡು ದಿನಗಟ್ಟಲೆ ನೋಡುವವರು, ನೋಡಿದ್ದನ್ನು ಪುಟಗಟ್ಟಲೆ ಬರೆಯುವವರು, ಬರೆದದ್ದು ಸರಿಯೋ ತಪ್ಪೋ ಎಂದು ವರ್ಷಾನುಗಟ್ಟಲೆ ವಾದಿಸುವವರು ಈ ಲೋಕದಲ್ಲಿದ್ದಾರೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿಯೇ. ಅವರ ಪಾಲಿಗೆ ನೊಣವೆಂಬುದು ಒಂದು ಪ್ರಾಣಿಯಲ್ಲ. ಈವರೆಗೆ ವಿವರಣೆ ಪಡೆದಿರುವ ಒಂದೂವರೆ ಲಕ್ಷಕ್ಕೂ ಹೆಚ್ಚು ಪ್ರಭೇದಗಳ ದೊಡ್ಡದೊಂದು ಗಣ. ಸೊಳ್ಳೆಯೂ ನುಸಿಯೂ ಅದರೊಳಗೇ ಬರುತ್ತವೆ.

ಉಷ್ಣವಲಯಕ್ಕೆ ಬಂದರೆ ಈ ಲೆಕ್ಕ ಇನ್ನಷ್ಟು ತಬ್ಬಿಬ್ಬುಗೊಳಿಸುತ್ತದೆ. ಕೋಸ್ಟರಿಕಾದ ಜುರ್ಕಿ ಎಂಬಲ್ಲಿನ ಮಂಜುಕಾಡಿನಲ್ಲಿ, ಕೇವಲ 4 ಹೆಕ್ಟೇರು ಜಾಗದಲ್ಲಿ, ಒಂದು ವರ್ಷ ಹಿಡಿದ ನೊಣಗಳನ್ನು ಹತ್ತಾರು ತಜ್ಞರು ಹಂಚಿಕೊಂಡು ವಿಂಗಡಿಸಿದಾಗ 4,332 ಪ್ರಭೇದಗಳು ಲೆಕ್ಕಕ್ಕೆ ಸಿಕ್ಕವೆಂದು 2018ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಬಹಳಷ್ಟಕ್ಕೆ ಹೆಸರೇ ಇರಲಿಲ್ಲ. ಇಂಥ ಸಮೀಕ್ಷೆಗಳಲ್ಲಿ ಬಳಸುವ ಬಲೆ ಒಂದು ಬಗೆಯ ಡೇರೆ. ಸ್ವೀಡನ್ನಿನ ಕೀಟತಜ್ಞ ರೆನೆ ಮಲೇಸ್ ತನ್ನ ಡೇರೆಯೊಳಗೆ ಸಿಕ್ಕಿಬಿದ್ದ ಕೀಟಗಳೆಲ್ಲ ಮೇಲಕ್ಕೇ ಹತ್ತಿ ಮೂಲೆಯಲ್ಲಿ ಸೇರುವುದನ್ನು ಗಮನಿಸಿ, 1930ರ ದಶಕದಲ್ಲಿ ಆ ಮೂಲೆಗೇ ಒಂದು ಸೀಸೆ ಕಟ್ಟುವ ಏರ್ಪಾಡು ಮಾಡಿದ. ಹಿಡಿಯುವುದು ಅಷ್ಟು ಸುಲಭ. ಸೀಸೆಯನ್ನು ಬಿಚ್ಚಿದ ಮೇಲೆ ನಿಜವಾದ ಪಾಡು ಶುರುವಾಗುತ್ತದೆ.

ಮೊದಲು ಅದು ನೊಣವೇ ಎಂಬುದು ಖಚಿತವಾಗಬೇಕು. ಜೇನುಹುಳುವಿನ ಹಾಗೆ ರೋಮ ಹೊದ್ದ ನೊಣಗಳಿವೆ, ಕಣಜದ ಹಾಗೆ ಸೊಂಟ ಸಪೂರವಾಗಿರುವ ನೊಣಗಳಿವೆ, ಕುಟುಕುವ ಮುಳ್ಳೇ ಇಲ್ಲದಿದ್ದರೂ ಕುಟುಕುವವರ ಸಮವಸ್ತ್ರ ತೊಟ್ಟು ನಿರ್ಭಯವಾಗಿ ಹೂವಿನ ಮೇಲೆ ಅಡ್ಡಾಡುವ ನೊಣಗಳಂತೂ ಲೆಕ್ಕವಿಲ್ಲದಷ್ಟಿವೆ. ಇವರೆಲ್ಲರ ವೇಷ ಕಳಚುವುದು ರೆಕ್ಕೆಗಳ ಲೆಕ್ಕದಲ್ಲಿ. ಜೇನಿಗೂ ಕಣಜಕ್ಕೂ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ. ಉಳಿದೆರಡು ರೆಕ್ಕೆಗಳಿರಬೇಕಾದ ಜಾಗದಲ್ಲಿ ತುದಿಯಲ್ಲಿ ಗುಂಡಿಯಿರುವ ಎರಡು ಪುಟ್ಟ ಕಡ್ಡಿಗಳಿರುತ್ತವೆ. ಹಾರುವಾಗ ಇವು ಅತಿ ವೇಗವಾಗಿ ಮಿಡಿಯುತ್ತ, ದೇಹ ಎತ್ತ ತಿರುಗಿತು, ಎಷ್ಟು ವಾಲಿತು ಎಂಬುದನ್ನು ನೊಣಕ್ಕೆ ತಿಳಿಸುತ್ತವೆ. ಬೀಸಿದ ಕೈಯನ್ನು ನೊಣ ಲೀಲಾಜಾಲವಾಗಿ ತಪ್ಪಿಸಿಕೊಳ್ಳುವುದರ ಹಿಂದೆ ಈ ಕಡ್ಡಿಗಳ ಪಾಲು ದೊಡ್ಡದು.

ಅಲ್ಲಿಂದ ಮುಂದೆ ದಾರಿ ತೋರಿಸುವುದು ಕವಲು ಪ್ರಶ್ನೆಗಳ ಒಂದು ಪಟ್ಟಿ. ಕೀಟತಜ್ಞರು ಅದನ್ನು ‘ಕೀ’ ಎನ್ನುತ್ತಾರೆ. ಕುಡಿಮೀಸೆ ಮೂರು ಗಂಟಿನದೋ ಹೆಚ್ಚಿನದೋ, ರೆಕ್ಕೆಯ ಇಂಥ ನರ ಅಂಚನ್ನು ಮುಟ್ಟುತ್ತದೋ ಅರ್ಧಕ್ಕೇ ನಿಲ್ಲುತ್ತದೋ, ಎದೆಯ ಇಂಥ ಫಲಕದ ಮೇಲೆ ಬಿರುಗೂದಲು ಇದೆಯೋ ಇಲ್ಲವೋ ಎಂದು ಅದು ಕೇಳುತ್ತ ಹೋಗುತ್ತದೆ, ನಾವು ಹೌದು ಅಲ್ಲ ಎನ್ನುತ್ತ ಹೋಗಬೇಕು. ‘ಸ್ವಲ್ಪ ಇದೆ’ ಎಂಬ ಉತ್ತರಕ್ಕೆ ಅಲ್ಲಿ ಅವಕಾಶವಿಲ್ಲ. ಅನೇಕ ಕುಟುಂಬಗಳಲ್ಲಿ ಕೊನೆಯ ತೀರ್ಪು ಗಂಡಿನ ಜನನಾಂಗದ ಆಕಾರದಲ್ಲಿರುತ್ತದೆ. ಅದನ್ನು ನೋಡಬೇಕಾದರೆ ಹೊಟ್ಟೆಯ ತುದಿಯನ್ನು ಬಿಡಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬಿಸಿಮಾಡಿ ಮಾಂಸವನ್ನು ಕರಗಿಸಿ, ಉಳಿದ ಗಟ್ಟಿ ಭಾಗವನ್ನು ಗ್ಲಿಸರಿನ್ ಹನಿಯಲ್ಲಿಟ್ಟು ಪರೀಕ್ಷಿಸಿ, ಆಮೇಲೆ ಅದನ್ನು ಒಂದು ಪುಟಾಣಿ ಸೀಸೆಗೆ ಹಾಕಿ ಅದೇ ನೊಣದ ಸೂಜಿಗೇ ಚುಚ್ಚಿಡಬೇಕು. ಇಷ್ಟು ಆತ್ಮೀಯವಾದ ತಪಾಸಣೆಯಾದ ಮೇಲೂ ಗುರುತು ಹತ್ತದೆ ಉಳಿಯುವ ನೊಣಗಳೇ ಹೊಸ ಪ್ರಭೇದದ ಉಮೇದುವಾರರು.

ಹೊಸ ಪ್ರಭೇದದ ವಿವರಣೆ ಎಂಬ ಬರಹದ ಬಗೆಯ ಮೇಲೆ ನನಗೆ ವಿಶೇಷ ಮಮತೆಯುಂಟು. ನಮ್ಮ ಹಳೆಯ ಕವಿಗಳು ನಾಯಕಿಯನ್ನು ನಖಶಿಖಾಂತ ವರ್ಣಿಸುತ್ತಿದ್ದರು. ನೊಣವನ್ನು ವಿವರಿಸುವವರೂ ಅಷ್ಟೇ ನಿಷ್ಠೆಯಿಂದ, ತಲೆಯಿಂದ ಹಿಡಿದು ಎದೆ, ರೆಕ್ಕೆ, ಕಾಲುಗಳ ಮೇಲೆ ಹಾಯ್ದು ಹೊಟ್ಟೆಯ ತುದಿಯವರೆಗೆ, ಒಂದು ಅಂಗವನ್ನೂ ಬಿಡದೆ ಸಾಗುತ್ತಾರೆ, ಆದರೆ ಒಂದೇ ಒಂದು ಉಪಮೆಯನ್ನೂ ಖರ್ಚು ಮಾಡುವುದಿಲ್ಲ. ಏಷ್ಯಾದ ಉಷ್ಣವಲಯದ ಹಣ್ಣು ನೊಣವಾದ ಬ್ಯಾಕ್ಟ್ರೊಸೆರಾ ಡೋರ್ಸಾಲಿಸ್‌ನ ಚಹರೆಯನ್ನೇ ನೋಡಿ. ಇದು ಬಾಳೆಹಣ್ಣಿನ ಸಿಪ್ಪೆಯ ಸುತ್ತ ಸುಳಿಯುವ ಚಿಕ್ಕ ನೊಣವಲ್ಲ. ಬಲಿಯುತ್ತಿರುವ ಹಣ್ಣಿನ ಸಿಪ್ಪೆಯನ್ನು ತೂತು ಮಾಡಿ ಒಳಗೆ ಮೊಟ್ಟೆಯಿಡುವ ದೊಡ್ಡ ನೊಣ. ಮುಖ ಹಳದಿ, ಅದರ ಮೇಲೆ ಒಂದು ಜೊತೆ ಕಪ್ಪು ಚುಕ್ಕೆ. ಎದೆಯ ಮೇಲ್ಭಾಗ ಬಹುಪಾಲು ಕಪ್ಪು, ಎರಡೂ ಮಗ್ಗುಲಲ್ಲಿ ಉದ್ದನೆಯ ಹಳದಿ ಪಟ್ಟೆ. ಎದೆ ಮುಗಿಯುವಲ್ಲಿನ ಪುಟ್ಟ ಫಲಕವೂ ಹಳದಿ. ರೆಕ್ಕೆ ಪಾರದರ್ಶಕ, ಮುಂದಿನ ಅಂಚಿನುದ್ದಕ್ಕೂ ಸಪೂರವಾದ ಕಂದು ಗೆರೆ. ಹೊಟ್ಟೆ ಕಿತ್ತಳೆಗಂದು, ಅದರ ಮೇಲೆ ಇಂಗ್ಲಿಷಿನ ‘ಟಿ’ ಅಕ್ಷರದಂಥ ಕಪ್ಪು ಗುರುತು. ವರ್ಣನೆ ಮುಗಿಯಿತು. ಚೆಲುವೋ ಕುರೂಪವೋ ಎಂಬ ಮಾತಿಲ್ಲ; ಆದರೂ ಈ ಒಣ ವಾಕ್ಯಗಳನ್ನು ಓದಿದವರು ನೊಣವನ್ನು ಎಂದಿಗಿಂತ ಚೆನ್ನಾಗಿ ನೋಡುತ್ತಾರೆ.

ವಿವರಣೆ ಬರೆದರಷ್ಟೇ ಸಾಲದು, ಸಾಕ್ಷಿಯನ್ನೂ ಒಪ್ಪಿಸಬೇಕು. ಪ್ರಾಣಿಗಳ ನಾಮಕರಣಕ್ಕೆ ಒಂದು ಅಂತರರಾಷ್ಟ್ರೀಯ ಸಂಹಿತೆಯಿದ್ದು, ಅದರ ಪ್ರಕಾರ ಹೆಸರು ಒಂದು ನಿರ್ದಿಷ್ಟ ಮಾದರಿಗೆ ಅಂಟಿಕೊಂಡಿರುತ್ತದೆ. ‘ಹೋಲೋಟೈಪ್’ ಎಂದು ಕರೆಸಿಕೊಳ್ಳುವ ಆ ಒಂದು ನೊಣ ಯಾವುದಾದರೂ ಸಂಗ್ರಹಾಲಯದಲ್ಲಿ ಸೂಜಿಯ ಮೇಲೆ ಶಾಶ್ವತವಾಗಿ ನಿಂತು, ಮುಂದೆ ವ್ಯಾಜ್ಯ ಬಂದಾಗಲೆಲ್ಲ ಸಾಕ್ಷಿ ಹೇಳಬೇಕು. 2015ರಲ್ಲಿ ದಕ್ಷಿಣ ಆಫ್ರಿಕಾದ, ದುಂಬಿಯನ್ನು ಹೋಲುವ ಒಂದು ನೊಣವನ್ನು ಮಾರ್ಷಲ್ ಮತ್ತು ಇವನ್‌ಹ್ಯೂಸ್ ಎಂಬ ತಜ್ಞರು ಬರಿಯ ಛಾಯಾಚಿತ್ರಗಳ ಆಧಾರದ ಮೇಲೆ ವಿವರಿಸಿ ಹೆಸರಿಟ್ಟಾಗ, ಚಿತ್ರ ಸಾಕ್ಷಿಯಾಗಬಲ್ಲದೇ ಎಂದು ದೊಡ್ಡ ಜಗಳವೇ ಆಯಿತು. ನನ್ನ ಒಲವು ಸೂಜಿಯ ಪಕ್ಷಕ್ಕೆ. ಹೊಟ್ಟೆಯ ಅಡಿಭಾಗವನ್ನು ನೋಡಬೇಕೆನಿಸಿದರೆ ಚಿತ್ರವನ್ನು ಮಗುಚಿ ಹಾಕಿ ಪ್ರಯೋಜನವಿಲ್ಲ.

ಸೂಜಿಯ ಮೇಲೆ ನಿಂತ ನೊಣಕ್ಕೆ ತಾಳ್ಮೆಯೂ ಹೆಚ್ಚು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಆಥರ್ಟನ್ ಪ್ರಸ್ಥಭೂಮಿಯಲ್ಲಿ 1981ರಲ್ಲಿ ಹಿಡಿದ ಒಂದು ಕುದುರೆನೊಣ ಮೂವತ್ತು ವರ್ಷ ಕಪಾಟಿನಲ್ಲಿ ಅನಾಮಧೇಯವಾಗಿದ್ದು, 2011ರಲ್ಲಿ ಬ್ರಯನ್ ಲೆಸಾರ್ಡ್ ಮತ್ತು ಡೇವಿಡ್ ಯೇಟ್ಸ್ ಅವರಿಂದ ವಿವರಣೆ ಪಡೆಯಿತು. ಹೊಟ್ಟೆಯ ತುದಿಯ ಹೊಂಬಣ್ಣದ ರೋಮರಾಶಿಯ ಕಾರಣದಿಂದ ಗಾಯಕಿ ಬಿಯಾನ್ಸೆಯ ಹೆಸರೇ ಅದಕ್ಕೆ ಬಂತು. ಗಾಯಕಿ ಹುಟ್ಟಿದ್ದೂ 1981ರಲ್ಲೇ. ಜಗತ್ತಿನ ಪತ್ರಿಕೆಗಳೆಲ್ಲ ಒಂದು ದಿನ ಕುದುರೆನೊಣದ ಬಗ್ಗೆ ಬರೆದವು. ರೆಕ್ಕೆಯ ನರಗಳ ವಿಚಾರವನ್ನು ಮಾತ್ರ ಯಾರೂ ಎತ್ತಲಿಲ್ಲ.

ಡೋರ್ಸಾಲಿಸ್‌ನ ಕತೆಯಲ್ಲಿ ಇಂಥ ಥಳಕಿಲ್ಲ, ಆದರೆ ವಿವರಣೆ ಎಂಬ ಕೆಲಸದ ನಿಜವಾದ ತೊಡಕು ಅಲ್ಲಿದೆ. ವಿಯೆನ್ನಾದಲ್ಲಿ ಶಾಲಾ ಮುಖ್ಯಸ್ಥರಾಗಿದ್ದುಕೊಂಡು ನೊಣಗಳ ಅಧ್ಯಯನದಲ್ಲಿ ಹೆಸರು ಮಾಡಿದ ಫ್ರೀಡ್ರಿಕ್ ಹೆಂಡೆಲ್, ಫಾರ್ಮೋಸಾ ಎಂದು ಆಗ ಕರೆಯುತ್ತಿದ್ದ ತೈವಾನಿನಿಂದ ಬಂದ ಮಾದರಿಗಳನ್ನು ನೋಡಿ 1912ರಲ್ಲಿ ಇದನ್ನು ವಿವರಿಸಿದ. ಆಮೇಲೆ ಏಷ್ಯಾದ ನಾನಾ ಕಡೆ ಇದನ್ನೇ ಹೋಲುವ ನೊಣಗಳು ಸಿಗುತ್ತ ಹೋದವು. ಒಂದರ ಎದೆ ತುಸು ಕೆಂಪು, ಇನ್ನೊಂದರ ಹಳದಿ ಪಟ್ಟೆ ತುಸು ಸಪೂರ, ಮತ್ತೊಂದರಲ್ಲಿ ಮೊಟ್ಟೆಯಿಡುವ ಸೂಜಿ ಮಿಲಿಮೀಟರಿನ ಒಂದಂಶದಷ್ಟು ಉದ್ದ. ಇವು ಒಂದೇ ಪ್ರಭೇದದೊಳಗಿನ ವ್ಯತ್ಯಾಸಗಳೋ, ಬೇರೆ ಬೇರೆ ಪ್ರಭೇದಗಳ ಗುರುತುಗಳೋ? 1994ರಲ್ಲಿ ಡ್ರೂ ಮತ್ತು ಹ್ಯಾನ್‌ಕಾಕ್ ಈ ಗುಂಪನ್ನು 52 ಪ್ರಭೇದಗಳಾಗಿ ವಿಂಗಡಿಸಿದರು. ಅವುಗಳಲ್ಲಿ 40 ಹೊಸವು. ಆಗ್ನೇಯ ಏಷ್ಯಾದ ಪಪಾಯೆ ಒಂದಾಯಿತು, ಫಿಲಿಪೀನ್ಸಿನ ಫಿಲಿಪ್ಪಿನೆನ್ಸಿಸ್ ಮತ್ತೊಂದಾಯಿತು. 2003ರಲ್ಲಿ ಕೀನ್ಯಾದಲ್ಲಿ ಅಲ್ಲಿಯದಲ್ಲದ ಒಂದು ಹಣ್ಣು ನೊಣ ಕಾಣಿಸಿಕೊಂಡು, ನೋಡನೋಡುತ್ತಿದ್ದಂತೆ ಸಹಾರಾದ ದಕ್ಷಿಣದ ಆಫ್ರಿಕಾದ ಉದ್ದಗಲಕ್ಕೂ ಹಬ್ಬಿತು. ಅದರ ಎದೆಯ ಬಣ್ಣವೋ, ಅಚ್ಚ ಕಪ್ಪಿನಿಂದ ಕೆಂಗಂದಿನವರೆಗೆ ಎಲ್ಲ ಛಾಯೆಗಳಲ್ಲೂ ಇತ್ತು. 2005ರಲ್ಲಿ ಅದಕ್ಕೆ ಇನ್ವೇಡೆನ್ಸ್ ಎಂಬ ಹೊಸ ಹೆಸರು ಬಂತು. ಶ್ರೀಲಂಕಾದಲ್ಲಿಯೂ ಅದೇ ನೊಣವಿದೆ ಎಂದಾಯಿತು.

ಈ ವಿಂಗಡಣೆಯನ್ನು ಹಾಸ್ಯ ಮಾಡುವುದು ಸುಲಭ, ಆದರೆ ನ್ಯಾಯವಲ್ಲ. ಇನ್ನೂ ಯಾರೂ ಸರಿಯಾಗಿ ನೋಡದ ಗುಂಪನ್ನು ಮೊದಲ ಬಾರಿಗೆ ತೆರೆದು ಕುಳಿತವರು ಕಂಡ ವ್ಯತ್ಯಾಸವನ್ನೆಲ್ಲ ದಾಖಲಿಸಬೇಕಾಗುತ್ತದೆ. ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದು ಸಾವಿರಾರು ನೊಣಗಳನ್ನು ಕಂಡಮೇಲೆ ಮಾತ್ರ ತಿಳಿಯುವ ಸಂಗತಿ, ಆ ಸಾವಿರಾರು ನೊಣಗಳು ಬೇಕಾದ ಕಾಲಕ್ಕೆ ಕೈಗೆ ಬರುವುದಿಲ್ಲ. ಬಂದರೂ ಅವುಗಳದೇ ಕುಚೋದ್ಯ ಬೇರೆ. ಮೀಥೈಲ್ ಯೂಜೆನಾಲ್ ಎಂಬ ವಾಸನೆಗೆ ಈ ನೊಣಗಳು ಮರುಳಾಗುತ್ತವೆಂಬುದನ್ನು ಹೌಲೆಟ್ ಎಂಬ ಕೀಟತಜ್ಞ ಒಂದು ಶತಮಾನದ ಹಿಂದೆಯೇ ಬಿಹಾರದ ಪೂಸಾದಲ್ಲಿ ಕಂಡುಕೊಂಡಿದ್ದ. ಇಂದಿಗೂ ಬಲೆಗಳಲ್ಲಿ ಬಳಸುವುದು ಅದನ್ನೇ. ಆದರೆ ಆ ವಾಸನೆಗೆ ಬಂದು ಬೀಳುವುದು ಗಂಡುಗಳು, ಅಳೆಯಬೇಕಾದ ಸೂಜಿಯಿರುವುದು ಹೆಣ್ಣಿನಲ್ಲಿ! ಹಣ್ಣಿನೊಳಗೆ ಸಿಗುವುದಂತೂ ಬಿಳಿಯ ಮರಿಹುಳು. ಅದರ ಮುಖದಲ್ಲಿ ಚುಕ್ಕೆಯಿಲ್ಲ, ಹೊಟ್ಟೆಯ ಮೇಲೆ ‘ಟಿ’ ಇಲ್ಲ. ಅದು ಕೋಶವಾಗಿ, ಕೋಶ ಒಡೆದು ನೊಣವಾಗುವವರೆಗೆ ಕಾಯಬೇಕು. ನೊಣವಾದ ತಕ್ಷಣವೂ ನೋಡುವಂತಿಲ್ಲ, ಬಣ್ಣ ಬಲಿಯುವವರೆಗೆ ಕೆಲವು ದಿನ ಉಣ್ಣಿಸಿ ಸಾಕಬೇಕು. ಅಷ್ಟರಲ್ಲಿ ಬಂದರಿನಲ್ಲಿ ತಡೆಹಿಡಿದ ಹಣ್ಣು ಕೊಳೆತು ಹೋಗಿರುತ್ತದೆ.

ಬಂದರಿನ ಮಾತು ಸುಮ್ಮನೆ ಬಂದದ್ದಲ್ಲ. ಪ್ರಭೇದದ ಹೆಸರು ಬದಲಾದರೆ ಯಾವ ದೇಶದ ಹಣ್ಣು ಯಾವ ದೇಶಕ್ಕೆ ಹೋಗಬಹುದು ಎಂಬುದೇ ಬದಲಾಗುತ್ತದೆ. ನಮ್ಮಲ್ಲಿರುವ ನೊಣವೇ ನಿಮ್ಮಲ್ಲಿಯೂ ಇದ್ದರೆ ಅದರ ಭಯದಿಂದ ನಿಮ್ಮ ಹಣ್ಣನ್ನು ನಿಷೇಧಿಸಲು ಕಾರಣವೇ ಉಳಿಯುವುದಿಲ್ಲ. ಹೆಸರಿನ ಈ ಗೊಂದಲವನ್ನು ಬಗೆಹರಿಸಲು ಇನ್ನೊಂದು ಕಾರಣವೂ ಇತ್ತು. ಈ ನೊಣಗಳನ್ನು ಹತೋಟಿಗೆ ತರುವ ಒಂದು ವಿಧಾನದಲ್ಲಿ ಗಂಡುಗಳನ್ನು ಲಕ್ಷಗಟ್ಟಲೆ ಸಾಕಿ, ವಿಕಿರಣದಿಂದ ಅವಕ್ಕೆ ಸಂತಾನಶಕ್ತಿ ಇಲ್ಲದಂತೆ ಮಾಡಿ ತೋಟಗಳಿಗೆ ಬಿಡುತ್ತಾರೆ. ಅಲ್ಲಿನ ಹೆಣ್ಣು ಈ ಗಂಡನ್ನು ತನ್ನವನೆಂದು ಒಪ್ಪದಿದ್ದರೆ ಸಾಕಿದ್ದೆಲ್ಲ ವ್ಯರ್ಥ. ಹಾಗಾಗಿ ಪಪಾಯೆ, ಫಿಲಿಪ್ಪಿನೆನ್ಸಿಸ್, ಇನ್ವೇಡೆನ್ಸ್, ಡೋರ್ಸಾಲಿಸ್ ಇವು ಬೇರೆಬೇರೆಯೋ ಒಂದೆಯೋ ಎಂಬುದನ್ನು ತೀರ್ಮಾನಿಸಲು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಗಳ ಆಶ್ರಯದಲ್ಲಿ ಅನೇಕ ದೇಶಗಳ ವಿಜ್ಞಾನಿಗಳು ಕೂಡಿದರು. ಮೊಟ್ಟೆಯಿಡುವ ಸೂಜಿಯನ್ನು ಅಳೆದರು, ರೆಕ್ಕೆಯ ಆಕಾರವನ್ನು ಅಳೆದರು, ಡಿಎನ್‌ಎ ಓದಿದರು, ವರ್ಣತಂತುಗಳನ್ನು ಪರೀಕ್ಷಿಸಿದರು, ಗಂಡುಗಳು ಸೂಸುವ ಗಂಧವನ್ನು ವಿಶ್ಲೇಷಿಸಿದರು. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಅವರು ನೊಣಗಳನ್ನೇ ಕೇಳಿದ್ದು. ಬೇರೆ ಬೇರೆ ಪ್ರದೇಶದ ಗಂಡು ಹೆಣ್ಣುಗಳನ್ನು ಒಟ್ಟಿಗೆ ಬಿಟ್ಟು, ಇವು ಕೂಡುವ ಹೊತ್ತಾದ ಮುಸ್ಸಂಜೆಯಲ್ಲಿ ಯಾರು ಯಾರನ್ನು ಆರಿಸಿಕೊಳ್ಳುತ್ತಾರೆಂದು ನೋಡಿದರು. ಹಳದಿ ಪಟ್ಟೆಯ ಅಗಲವನ್ನು ಕುರಿತು ತಜ್ಞರಿಗಿದ್ದ ಚಿಂತೆ ನೊಣಗಳಿಗೆ ಇರಲಿಲ್ಲ. ಅವು ಭೇದವೆಣಿಸದೆ ಕೂಡಿದವು, ಹುಟ್ಟಿದ ಮರಿಗಳೂ ಆರೋಗ್ಯವಾಗಿದ್ದವು.

2015ರಲ್ಲಿ ತೀರ್ಪು ಅಚ್ಚಾಯಿತು: ನಾಲ್ಕೂ ಒಂದೇ. ಸಂಹಿತೆಯ ಪ್ರಕಾರ ಮೊದಲು ಇಟ್ಟ ಹೆಸರಿಗೇ ಹಕ್ಕು, ಆದ್ದರಿಂದ ಹೆಂಡೆಲ್ 1912ರಲ್ಲಿ ಇಟ್ಟ ಡೋರ್ಸಾಲಿಸ್ ಉಳಿದು ಮಿಕ್ಕವು ಪರ್ಯಾಯನಾಮಗಳ ಪಟ್ಟಿಗೆ ಸರಿದವು. ಅದೇ ಪರೀಕ್ಷೆಗೆ ಒಳಗಾದ ಕರಂಬೋಲೆ ಎಂಬ ನೊಣ ಮಾತ್ರ ಗಂಧದಲ್ಲಿಯೂ ಸಂಗಾತಿಯ ಆಯ್ಕೆಯಲ್ಲಿಯೂ ತನ್ನತನವನ್ನು ತೋರಿಸಿ ಬೇರೆಯಾಗಿಯೇ ನಿಂತಿತು. ಆದ್ದರಿಂದ ಎಲ್ಲ ವಿಂಗಡಣೆಯೂ ವ್ಯರ್ಥವಾಗಿತ್ತು ಎನ್ನುವಂತಿಲ್ಲ. ಸಂಗ್ರಹಾಲಯಗಳಲ್ಲಿ ಹಳೆಯ ಚೀಟಿಯನ್ನು ಕಿತ್ತುಹಾಕುವ ಪದ್ಧತಿಯಿಲ್ಲ; ಹೊಸ ಹೆಸರಿನ ಚೀಟಿಯನ್ನು ಅದೇ ಸೂಜಿಗೆ ಹಳೆಯದರ ಕೆಳಗೆ ಪೋಣಿಸುತ್ತಾರೆ, ಯಾರು ಯಾವಾಗ ಏನೆಂದು ಗುರುತಿಸಿದ್ದರು ಎಂಬುದು ಅಲ್ಲೇ ಉಳಿಯುತ್ತದೆ. 1994ರ ಪಟ್ಟಿಯಲ್ಲಿದ್ದ ಮಿಕ್ಕ ನೊಣಗಳಲ್ಲಿ ಬಹುಪಾಲು, ಯಾರೂ ಮಾರದ ಕಾಡುಹಣ್ಣುಗಳನ್ನು ತಿಂದುಕೊಂಡು ಯಾರ ವ್ಯಾಪಾರಕ್ಕೂ ಅಡ್ಡಬಾರದೆ ಬದುಕುವಂಥವು. ಅವನ್ನು ಸಾಕಿ, ಮುಸ್ಸಂಜೆ ಕಾದು ಕುಳಿತು, ಯಾರಿಗೆ ಯಾರು ಒಪ್ಪಿಗೆ ಎಂದು ಕೇಳಲು ಹಣ ಒದಗಿಸುವವರು ಸುಲಭವಾಗಿ ಸಿಗುವುದಿಲ್ಲ. ಅಲ್ಲಿಯವರೆಗೆ ಅವುಗಳ ಗುರುತು ಎದೆಯ ಬಣ್ಣವನ್ನೂ ಪಟ್ಟೆಯ ಅಗಲವನ್ನೂ ನಂಬಿಕೊಂಡೇ ಇರಬೇಕು.